ತೋಪಿನ ದಳಕ್ಕೆ ಸೇರಿ ವಾಪಸ್ ಬರದ ನಿಮ್ಮೂರ ಸೈನಿಕರನ್ನ ಹುಡುಕೋದು ಹೇಗೆ, ಹೆಸರು ಉಳಿಸೋದು ಹೇಗೆ

"ನಮ್ಮಜ್ಜಿಯ ಅಣ್ಣ ಮಿಲಿಟರೀಲಿದ್ರಂತೆ, ತೋಪು ಹಾರಿಸ್ತಿದ್ರಂತೆ, ಬರ್ಮಾ ಕಡೆ ಹೋದವ್ರು ವಾಪಸ್ ಬರ್ಲೇ ಇಲ್ಲ, ಅವರ ಬಗ್ಗೆ ಏನಾದ್ರೂ ಸಿಗತ್ತಾ ಸಾರ್?" ಪದಗಳು ಅಷ್ಟಿಷ್ಟು ಬದಲಾಗ್ಬಹುದು, ಬರ್ಮಾ ಬದಲು ಸಿಂಗಾಪುರ ಅಂತಾರೆ, ಈಜಿಪ್ಟ್ ಅಂತಾರೆ, ಆದ್ರೆ ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷರ ಸೈನ್ಯಕ್ಕೆ ಹೋದವರ ಬಗ್ಗೆ ಜನ ನನ್ನನ್ನ ಕೇಳೋ ಪ್ರಶ್ನೆ ಇದೇ. ಒಬ್ಬೊಬ್ರಿಗೇ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಎಲ್ಲಾನೂ ಒಂದೇ ಕಡೆ ಬರೀತಾ ಇದೀನಿ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ, ಅರ್ಧ ಓದಿ ಮಧ್ಯದ ಹಂತದಿಂದ ಶುರು ಮಾಡಿದ್ರೆ ತಪ್ಪು ಮನುಷ್ಯನ್ನ ಹಿಡ್ಕೊಂಡು ಕೂರ್ತೀರ.

ಮೊದ್ಲೇ ಹೇಳ್ಬಿಡ್ತೀನಿ, ಫೋಟೋ, ಕಾಗದ, ಹೇಗೆ ಸತ್ರು ಅನ್ನೋ ಕತೆ ಇದೆಲ್ಲಾ ಸಿಗೋದು ಅಪರೂಪ. ಹೆಸರು, ನಂಬರು, ದಳ, ತೀರಿಕೊಂಡ ದಿನ, ಹೆಸರು ಕೆತ್ತಿರೋ ಜಾಗ, ಈ ಐದು ಸಿಗೋ ಚಾನ್ಸ್ ಮಾತ್ರ ಚೆನ್ನಾಗಿದೆ. 80 ವರ್ಷ "ಬರ್ಮಾದಲ್ಲಿ ಹೋದ್ರು" ಅನ್ನೋ ಒಂದೇ ಮಾತಲ್ಲಿ ಬದುಕಿರೋ ಮನೆಗೆ ಈ ಐದು ಕಮ್ಮಿ ಏನಲ್ಲ.

ಏನೇನು ಬೇಕು

ಒಂದು ನೋಟ್‌ಬುಕ್ಕು, ಇಂಟರ್ನೆಟ್ ಇರೋ ಫೋನು (ಕಂಪ್ಯೂಟರ್ ಇದ್ರೆ ಇನ್ನೂ ಒಳ್ಳೇದು), ಟಾರ್ಚು, ಮನೇಲಿ ಹಿರಿಯರು ಯಾರಾದ್ರೂ ಇದ್ರೆ ಅವರ ಹತ್ರ ಒಂದು ಮಧ್ಯಾಹ್ನ. ದುಡ್ಡು ಸದ್ಯಕ್ಕೆ ಬೇಡ. "ನಿಮ್ಮ ಪೂರ್ವಜರ ಮಿಲಿಟರಿ ರೆಕಾರ್ಡ್ ತೆಗೆಸಿಕೊಡ್ತೀವಿ, ಅಡ್ವಾನ್ಸ್ ಹಾಕಿ" ಅನ್ನೋರು ಇದಾರೆ, ಅವರು ತೋರಿಸೋದರಲ್ಲಿ ಮುಕ್ಕಾಲು ಪಾಲು ನಿಮಗೇ ಫ್ರೀಯಾಗಿ ಸಿಗೋದು.

ಹಂತ 1: ಮನೆಯಲ್ಲಿ ಕೇಳಿ, ಟ್ರಂಕು ತೆಗೀರಿ

ಹಿರಿಯರ ಹತ್ರ ಹೋಗಿ "ಯಾವ ಇಸವಿ?" ಅಂತ ಕೇಳ್ಬೇಡಿ, ಯಾರಿಗೂ ಗೊತ್ತಿರಲ್ಲ. "ಮನೇಲಿ ಯಾರ ಮದುವೆ ಆದ್ಮೇಲೆ ಹೋಗಿದ್ದು? ರೇಷನ್ ಕಾಲ ಶುರುವಾಗಿತ್ತಾ? ತಾರು ಬಂತಾ, ಕಾಗದ ಬಂತಾ? ಯಾರು ಓದಿ ಹೇಳಿದ್ದು?" ಹೀಗೆ ಕೇಳಿ, ನೆನಪು ತಾನಾಗೇ ಬರತ್ತೆ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಳ್ಳಿ. "ರಂಗೂನು" ಅಂದ್ರೆ ರಂಗೂನು ಅಂತಲೇ ಬರೀರಿ, ನೀವೇ ಜಾಣತನ ಮಾಡಿ ತಿದ್ದೋಕೆ ಹೋಗ್ಬೇಡಿ.

ಟ್ರಂಕಲ್ಲಿ ನೋಡ್ಬೇಕಾಗಿರೋದು ಪಿಂಚಣಿ ಪುಸ್ತಕ, ವಿಧವೆ ಅಥವಾ ತಾಯಿಗೆ ಬರ್ತಿದ್ದ ಮನಿಯಾರ್ಡರ್ ರಸೀತಿ, ಕಾಖಿ ಬಣ್ಣದ ಸರ್ಕಾರಿ ಲಕೋಟೆ, ಮೆಡಲ್ಲು. ಸೈನಿಕರ ಕೋಟಾದಲ್ಲಿ ಜಮೀನು ಮಂಜೂರಾಗಿದ್ರೆ ಆ ಮಂಜೂರಾತಿ ಕಾಗದಾನೂ ಮುಖ್ಯ, ಯಾಕಂದ್ರೆ ಅದರಲ್ಲಿ ಸೈನಿಕನ ನಂಬರು ಇರೋ ಸಾಧ್ಯತೆ ಇದೆ. ಕೆಲವು ಊರಲ್ಲಿ ಈಗಲೂ ಒಂದು ಹೊಲಕ್ಕೆ "ಮಿಲಿಟರಿ ಹೊಲ" ಅಂತಾರೆ, ಪಹಣಿ ಹಿಂದಕ್ಕೆ ಹಿಂದಕ್ಕೆ ತೆಗೆಸ್ತಾ ಹೋಗಿ, ಮ್ಯುಟೇಶನ್ ಪುಸ್ತಕದಲ್ಲಿ ಹೆಸರು ಹೇಗೆ ಬರೆದಿದಾರೆ ಅನ್ನೋದಾದ್ರೂ ಸಿಗತ್ತೆ.

ಹಂತ 2: ಮೆಡಲ್ ಇದ್ರೆ ಓದೋದು ಹೇಗೆ

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೇವರ ಪಾತ್ರೆ ಅಲ್ಲ ಅದು. ಅಂಚಿನಲ್ಲಿರೋ ಅಕ್ಷರ ಕೂದಲೆಳೆಯಷ್ಟು ಆಳ ಇರತ್ತೆ, ನಾಲ್ಕು ಹಬ್ಬಕ್ಕೆ ಉಜ್ಜಿದ್ರೆ ನಂಬರು ಸಮೇತ ಹೋಗತ್ತೆ. ಒಂದು ಮನೇಲಿ ನಾನೇ ನೋಡಿದೀನಿ, ಮೆಡಲ್ ಫಳಫಳ ಹೊಳೀತಿತ್ತು, ಅಂಚು ಮಾತ್ರ ಬಳೆ ತರ ನುಣುಪು.

ಒಣ ಬಟ್ಟೆಯಿಂದ ಧೂಳು ಒರೆಸಿ. ಕತ್ತಲೆ ರೂಮಲ್ಲಿ ಮೇಜಿನ ಮೇಲಿಟ್ಟು ಟಾರ್ಚನ್ನ ಪಕ್ಕದಿಂದ, ಹೆಚ್ಚುಕಮ್ಮಿ ಮೇಜಿಗೆ ತಾಗೋ ಹಾಗೆ ಮಲಗಿಸಿ ಬೆಳಕು ಬಿಡಿ, ಅಕ್ಷರಗಳ ನೆರಳು ಎದ್ದು ಕಾಣತ್ತೆ, ಆಗ ಫೋಟೋ ತೆಗೀರಿ. ದುಂಡಗಿರೋ ಮೆಡಲ್ ಆದ್ರೆ ಅಂಚು ನೋಡಿ, ನಕ್ಷತ್ರದ ಆಕಾರದ್ದಾದ್ರೆ ಹಿಂಭಾಗ ನೋಡಿ. ಸಾಮಾನ್ಯವಾಗಿ ನಂಬರು, ಹುದ್ದೆ, ಹೆಸರು, ದಳ ಈ ಕ್ರಮದಲ್ಲಿ ಇರತ್ತೆ.

ನಕ್ಷತ್ರದ ಮಧ್ಯೆ ಬರ್ಮಾ ಅಂತ ಇದ್ರೆ ಎರಡನೇ ಮಹಾಯುದ್ಧ, ಬರ್ಮಾ ರಂಗ. ಆಫ್ರಿಕಾ, ಇಟಲಿ ಅಂತಾನೂ ಬೇರೆಬೇರೆ ಇವೆ. ಇನ್ನೊಂದು ವಸ್ತು ಇದೆ, 12 ಸೆಂಟಿಮೀಟರ್ ಅಗಲದ, ಊಟದ ಬಟ್ಟಲಿನ ಮುಚ್ಚಳದಷ್ಟು ದೊಡ್ಡ ಕಂಚಿನ ಬಿಲ್ಲೆ, ಅದರ ಮೇಲೆ ತ್ರಿಶೂಲ ಹಿಡಿದ ಹೆಂಗಸು, ಕಾಲ ಹತ್ರ ಸಿಂಹ. ತುಂಬಾ ಜನ ಇದನ್ನ ದುರ್ಗಿ ಅಂದ್ಕೊಂಡು ದೇವರ ಮನೇಲಿ ಇಟ್ಟಿರ್ತಾರೆ! ಅದು ಬ್ರಿಟಾನಿಯಾ, ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಮನೆಯವರಿಗೆ ಕೊಟ್ಟಿದ್ದು. ಅದರಲ್ಲಿ ಹೆಸರು ಮಾತ್ರ ಇರತ್ತೆ, ಹುದ್ದೆ ಬೇಕಂತಲೇ ಹಾಕಿಲ್ಲ, ಸತ್ತ ಮೇಲೆ ಎಲ್ರೂ ಒಂದೇ ಅಂತ. ಹಾಗಾಗಿ ಅದೊಂದೇ ಸಿಕ್ಕಿದ್ರೆ ದಳ ಯಾವುದು ಅಂತ ಗೊತ್ತಾಗಲ್ಲ.

ಹಂತ 3: ನಿಜವಾಗ್ಲೂ ತೋಪಿನ ದಳಾನಾ?

ಇಲ್ಲೇ ಜಾಸ್ತಿ ಜನ ಎಡವೋದು. ತೋಪಿನ ದಳ ಅಂದ್ರೆ ಆರ್ಟಿಲರಿ, ದೊಡ್ಡ ಫಿರಂಗಿಗಳನ್ನ ನಡೆಸೋರು. "ಅಜ್ಜ ಗನ್ ಹೊಡೀತಿದ್ರು" ಅಂದ ತಕ್ಷಣ ಆರ್ಟಿಲರಿ ಅಲ್ಲ, ಬಂದೂಕು ಎಲ್ಲಾ ಸಿಪಾಯಿ ಕೈಲೂ ಇತ್ತು. ಕಾಗದದಲ್ಲಿ "ಗನ್ನರ್" ಅಂತ ಇದ್ರೆ ಆಗ ಹೌದು, ಗನ್ನರ್ ಅನ್ನೋದು ಆರ್ಟಿಲರಿಯ ಅತಿ ಕೆಳಗಿನ ಹುದ್ದೆ, ಬೇರೆ ದಳದಲ್ಲಿ ಸಿಪಾಯಿ ಅನ್ನೋದಕ್ಕೆ ಸಮ. "ಡ್ರೈವರ್" ಅಂತ ಇದ್ರೆ ಲಾರಿ ಓಡಿಸ್ತಿದ್ರು ಅಂತ ತಿಳ್ಕೋಬೇಡಿ, ಬೆಟ್ಟದ ತೋಪಿನ ದಳದಲ್ಲಿ ಹೇಸರಗತ್ತೆ ಹಿಡ್ಕೊಂಡು ನಡೆಯೋರಿಗೂ ಡ್ರೈವರ್ ಅಂತಲೇ ಹೆಸರು. 3.7 ಇಂಚಿನ ಬೆಟ್ಟದ ತೋಪನ್ನ ಬಿಚ್ಚಿ 8 ಹೇಸರಗತ್ತೆಗಳ ಮೇಲೆ ಹೇರ್ತಿದ್ರು, ಅದನ್ನ ಕಾಡಲ್ಲಿ ಇಳಿಸಿ ಜೋಡಿಸಿ ಹಾರಿಸ್ಬೇಕಿತ್ತು, ಅಂದ್ರೆ ಹೇಸರಗತ್ತೆ ಹಿಡಿಯೋನು ಇಲ್ಲದಿದ್ರೆ ತೋಪೇ ಇಲ್ಲ.

ಸ್ವಲ್ಪ ಇತಿಹಾಸ ಗೊತ್ತಿದ್ರೆ ಟೈಮ್ ಉಳಿಯತ್ತೆ. 1857ರ ದಂಗೆ ಆದ್ಮೇಲೆ ಬ್ರಿಟಿಷರು ನಮ್ಮವರ ಕೈಗೆ ತೋಪು ಕೊಡೋಕೆ ಹೆದರಿದ್ರು. ಬೆಟ್ಟದ ತೋಪಿನ ಬ್ಯಾಟರಿ (ತೋಪುಗಳ ಒಂದು ಗುಂಪು) ಮತ್ತು ಇನ್ನೊಂದೆರಡು ಬಿಟ್ರೆ ಮಿಕ್ಕಿದ್ದೆಲ್ಲಾ ಗೋರಾಗಳ ಕೈಲೇ ಇತ್ತು. ಆ ಬ್ಯಾಟರಿಗಳಿಗೂ ಸೇರಿಸ್ಕೊಳ್ತಿದ್ದಿದ್ದು ಹೆಚ್ಚಾಗಿ ಪಂಜಾಬಿನ ಕಡೆಯವರನ್ನ. ಭಾರತೀಯರದ್ದೇ ಆದ ಮೊದಲ ಫೀಲ್ಡ್ ಆರ್ಟಿಲರಿ (ಬಯಲು ರಂಗದ ತೋಪಿನ) ದಳ ಹುಟ್ಟಿದ್ದು 1935ರ ಜನವರಿ 15ಕ್ಕೆ, ಅದೂ ನಮ್ಮ ಬೆಂಗಳೂರಲ್ಲೇ, ಅದರಲ್ಲಿ ಮದ್ರಾಸಿಗಳಿಗೇ ಅಂತ ಒಂದು ಬ್ಯಾಟರಿ ಇತ್ತು. ಇದರರ್ಥ ಏನಪ್ಪಾ ಅಂದ್ರೆ, ಎರಡನೇ ಮಹಾಯುದ್ಧದಲ್ಲಿ ಕನ್ನಡದ ಹುಡುಗ ಗನ್ನರ್ ಆಗಿದ್ರು ಅಂದ್ರೆ ಸುಲಭವಾಗಿ ನಂಬ್ಬಹುದು. ಮೊದಲನೇ ಮಹಾಯುದ್ಧದಲ್ಲಿ ತೋಪಿನ ದಳ ಅಂದ್ರೆ ಸ್ವಲ್ಪ ಅನುಮಾನ ಪಡಿ, ಮದ್ದುಗುಂಡು ಸಾಗಿಸೋ ದಳದಲ್ಲೋ, ಮದ್ರಾಸ್ ಸ್ಯಾಪರ್ಸ್‌ನಲ್ಲೋ (ಸೈನ್ಯದ ಇಂಜಿನಿಯರ್ ದಳ), ಪಯೋನಿಯರ್ಸ್‌ನಲ್ಲೋ (ರಸ್ತೆ, ಕಂದಕದ ಕೆಲಸ ಮಾಡೋ ದಳ), ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ (ಕುದುರೆ ದಳ) ಅಥವಾ ಸಾಗಣೆ ದಳದಲ್ಲೋ ಇದ್ದಿರಬಹುದು. ಅಡುಗೆಯವರು, ನೀರು ಹೊರೋರು, ಧೋಬಿಗಳು, ಇವರಿಗೆ "ಫಾಲೋವರ್" ಅಂತಿದ್ರು, ಅವರ ಹೆಸರೂ ಪಟ್ಟೀಲಿ ಇರತ್ತೆ, ಸಿಪಾಯಿ ಅಲ್ಲ ಅಂತ ಬೇಜಾರಾಗೋ ಅಗತ್ಯ ಏನಿಲ್ಲ.

ಇನ್ನೊಂದು, "ಮದ್ರಾಸಿ" ಅಂತ ಬರೆದಿದ್ರೆ ನಮ್ಮವರಲ್ಲ ಅಂತ ಪಕ್ಕಕ್ಕಿಡ್ಬೇಡಿ. ಸೈನ್ಯದ ಲೆಕ್ಕದಲ್ಲಿ ದಕ್ಷಿಣದ ಮುಕ್ಕಾಲು ಜನ ಮದ್ರಾಸಿಗಳೇ.

ಹಂತ 4: ಊರಿನ ಹಳೇ ಹೆಸರು, ಹಳೇ ಜಿಲ್ಲೆ ಬರೆದಿಟ್ಕೊಳ್ಳಿ

ಹುಡುಕೋಕೆ ಮುಂಚೆ ಇದನ್ನ ಮಾಡ್ಲೇಬೇಕು. 1956ಕ್ಕೆ ಮುಂಚೆ ಕರ್ನಾಟಕ ಅನ್ನೋದು ಇರಲಿಲ್ಲ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಬಾಂಬೆಗೆ, ಬೀದರ್, ಗುಲ್ಬರ್ಗ, ರಾಯಚೂರು ನಿಜಾಮನ ಹೈದರಾಬಾದಿಗೆ, ಮಂಗಳೂರು ಕಡೆ ಮದ್ರಾಸಿಗೆ, ಬಳ್ಳಾರಿ 1953ರ ತನಕ ಮದ್ರಾಸ್ ಕಡೆಗೆ, ಕೊಡಗು ತನ್ನ ಪಾಡಿಗೆ ತಾನು. ಗದಗ, ಹಾವೇರಿ ಧಾರವಾಡ ಜಿಲ್ಲೇಲಿದ್ವು, ಬಾಗಲಕೋಟೆ ಬಿಜಾಪುರದಲ್ಲಿ, ದಾವಣಗೆರೆ ಚಿತ್ರದುರ್ಗದಲ್ಲಿ, ಕೊಪ್ಪಳ ರಾಯಚೂರಲ್ಲಿ, ಇವೆಲ್ಲಾ ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಬೆಂಗಳೂರು ದಂಡು ಪ್ರದೇಶ ಮೈಸೂರು ಸಂಸ್ಥಾನದ ಒಳಗಿದ್ರೂ 1947ರ ತನಕ ಬ್ರಿಟಿಷರ ಆಡಳಿತ.

ಹೆಸರುಗಳಂತೂ ಇನ್ನೂ ಮಜಾ. ರಾಮನಗರ ಕ್ಲೋಸ್‌ಪೇಟ್. ಬಂಗಾರಪೇಟೆ ಬೌರಿಂಗ್‌ಪೇಟ್. ಪಾಂಡವಪುರ ಫ್ರೆಂಚ್ ರಾಕ್ಸ್. ಮಡಿಕೇರಿ ಮರ್ಕಾರಾ. ಚಿತ್ರದುರ್ಗ ಚಿತಲ್‌ಡ್ರೂಗ್. ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಿದ್ರು. ಉತ್ತರ ಕನ್ನಡ ನಾರ್ತ್ ಕೆನರಾ.

ನಂದೇ ಪೆದ್ದತನ ಹೇಳ್ತೀನಿ. ಪರಿಚಯದವರೊಬ್ಬರ ದೊಡ್ಡಜ್ಜ ಕೊಳ್ಳೇಗಾಲದವರು, ಎಂಟು ತಿಂಗಳು "ಮೈಸೂರು, ಮೈಸೂರು" ಅಂತ ಹುಡುಕಿದ್ದೇ ಹುಡುಕಿದ್ದು. ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೇಲಿತ್ತು ಅಂತ ಶಾಲೆ ಪುಸ್ತಕದಲ್ಲಿ ಓದಿದ್ದೆ, ನೆನಪಿಗೇ ಬರ್ಲಿಲ್ಲ. ಕೊಯಮತ್ತೂರು ಅಂತ ಹಾಕಿದ ಹತ್ತು ನಿಮಿಷಕ್ಕೆ ಸಿಕ್ತು.

ಹಂತ 5: ಸಿಡಬ್ಲ್ಯುಜಿಸಿಯಲ್ಲಿ ಹುಡುಕಿ

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, ಚಿಕ್ಕದಾಗಿ ಸಿಡಬ್ಲ್ಯುಜಿಸಿ. 1917ರಲ್ಲಿ ಶುರುವಾದ ಸಂಸ್ಥೆ, ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ನೋಡ್ಕೊಳ್ಳತ್ತೆ. ಅದರ ವೆಬ್‌ಸೈಟಲ್ಲಿ ಹುಡುಕೋದು ಪೂರ್ತಿ ಫ್ರೀ. ಎರಡನೇ ಮಹಾಯುದ್ಧದಲ್ಲಿ ಅವಿಭಜಿತ ಭಾರತದ ಸುಮಾರು 87,000 ಜನ ಸತ್ರು, ಮೊದಲನೇದರಲ್ಲಿ ಸುಮಾರು 74,000, ಹುಡುಕಾಟ ನಡೆಯೋದು ಈ ಗುಂಪಿನಲ್ಲಿ.

ಹೀಗೆ ಮಾಡಿ:

1. ಅಡ್ವಾನ್ಸ್‌ಡ್ ಸರ್ಚ್‌ಗೆ ಹೋಗಿ. ಯಾವ ಸೈನ್ಯ ಅನ್ನೋ ಕಡೆ ಇಂಡಿಯನ್ ಆರಿಸಿ, ಯಾವ ಯುದ್ಧ ಅನ್ನೋದನ್ನೂ ಆರಿಸಿ.

2. ಹೆಸರನ್ನ ಸರ್‌ನೇಮ್ ಜಾಗದಲ್ಲಿ ಹಾಕಿ. ನಮ್ಮವರಿಗೆ ಒಂದೇ ಹೆಸರು, ಅವರು ಅದನ್ನ ಸರ್‌ನೇಮ್ ಕಾಲಂಗೆ ತುಂಬಿಬಿಟ್ಟಿದಾರೆ. ಮೊದಲ ಹೆಸರಿನ ಜಾಗದಲ್ಲಿ ಹಾಕಿ "ಏನೂ ಬರ್ಲಿಲ್ಲ" ಅಂತ ಫೋನ್ ಮಾಡೋರೇ ಜಾಸ್ತಿ.

3. ಸಿಗದಿದ್ರೆ ಸ್ಪೆಲ್ಲಿಂಗ್ ಬದಲಾಯಿಸ್ತಾ ಹೋಗಿ. ಹನುಮಂತಪ್ಪ ಅನ್ನೋರು ಹನಮಂತಪ್ಪ, ಹನ್ಮಂತು, ಹನಮಪ್ಪ ಏನು ಬೇಕಾದ್ರೂ ಆಗಿರಬಹುದು. ಇಂಗ್ಲಿಷಲ್ಲಿ ಟಿ ಆದ್ಮೇಲೆ ಎಚ್ ಇದ್ದು ಇಲ್ಲದೆ, ಪಿ ಒಂದು ಸಲ ಎರಡು ಸಲ, ವಿ ಬದಲು ಡಬ್ಲ್ಯು, ಯು ಬದಲು ಡಬಲ್ ಓ, ಎಲ್ಲಾ ನೋಡಿ. ಬರೆದಿದ್ದು ಯಾವನೋ ಪಂಜಾಬಿ ಅಥವಾ ಇಂಗ್ಲಿಷ್ ಗುಮಾಸ್ತ, ನಮ್ಮಜ್ಜ ಹೇಳಿದ್ದು ಅವನ ಕಿವಿಗೆ ಹೇಗೆ ಕೇಳ್ತೋ ಹಾಗೆ.

4. ಆಗಲೂ ಸಿಗಲಿಲ್ವಾ, ಹೆಸರನ್ನೇ ಬಿಟ್ಬಿಡಿ. ಹೆಚ್ಚುವರಿ ಮಾಹಿತಿ ಅನ್ನೋ ಜಾಗದಲ್ಲಿ ಊರು, ಇಲ್ಲಾ ತಂದೆ ಹೆಸರು, ಇಲ್ಲಾ ಹಂತ 4ರಲ್ಲಿ ಬರೆದಿಟ್ಕೊಂಡ ಹಳೇ ಜಿಲ್ಲೆ ಹಾಕಿ, ದಳದ ಜಾಗದಲ್ಲಿ ಇಂಡಿಯನ್ ಆರ್ಟಿಲರಿ ಅಂತ ಹಾಕಿ. ಪಟ್ಟಿ ಬರತ್ತೆ, ಒಂದೊಂದೇ ಓದಿ. ರಾಯಲ್ ಇಂಡಿಯನ್ ಆರ್ಟಿಲರಿ ಅಂತಾನೂ ಇನ್ನೊಂದು ಸಲ ನೋಡಿ, ಎರಡೂ ಹೆಸರಲ್ಲಿ ಬರೆದಿರ್ತಾರೆ.

ಸಿಕ್ಕಿದ್ರೆ "ಇಂಥವರ ಮಗ, ಇಂಥ ಊರು, ಇಂಥ ಜಿಲ್ಲೆ" ಅನ್ನೋ ಒಂದು ಸಾಲು ಇರತ್ತೆ. ಎಲ್ಲರಿಗೂ ಇರಲ್ಲ. ಅದೇ ಪುಟದ ಕೆಳಗೆ ಹಳೇ ರಿಜಿಸ್ಟರಿನ ಸ್ಕ್ಯಾನ್ ಇದ್ರೆ ಅದನ್ನೂ ತೆಗೆದು ನೋಡಿ, ಕಂಪ್ಯೂಟರ್‌ಗೆ ಹತ್ತಿಸುವಾಗ ಒಂದಕ್ಷರ ತಪ್ಪಾಗಿರೋದು ಉಂಟು.

ಎಚ್ಚರಿಕೆ: ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹುಡುಕಿ ಇಲ್ಲ ಅಂತ ಕೂರ್ಬೇಡಿ, ಅಲ್ಲಿರೋದು ಸ್ವಾತಂತ್ರ್ಯ ಬಂದ ಮೇಲಿನ ಹೆಸರುಗಳು. ಇಂಡಿಯಾ ಗೇಟ್ ಮೇಲಿರೋ 13,000ಕ್ಕೂ ಹೆಚ್ಚು ಹೆಸರು 1914ರಿಂದ 1921ರ ಒಳಗಿನವು. ಎರಡನೇ ಮಹಾಯುದ್ಧದವರು ಅಲ್ಲಿಲ್ಲ. ಹಾಗೇ ಲಾಹೋರಿನಲ್ಲಿ ಸಿಕ್ಕಿದ ಲಕ್ಷಾಂತರ ಸೈನಿಕರ ರಿಜಿಸ್ಟರ್ ಆನ್‌ಲೈನ್ ಬಂತು ಅಂತ ಸುದ್ದಿ ಓದಿರ್ತೀರ, ಅದು ಪಂಜಾಬಿನವರದ್ದು ಮಾತ್ರ.

ಹಂತ 6: ಇವರೇನಾ ಅಂತ ತಾಳೆ ನೋಡಿ

ಬಸಪ್ಪ ಅಂತ ಹುಡುಕಿದ್ರೆ ಒಬ್ಬರೇ ಬರಲ್ಲ. ಹೆಸರು ಒಂದೇ ಸಾಲದು. ಹೆಸರು, ತಂದೆ, ಊರು, ಕಾಲ, ದಳ, ಈ ಐದರಲ್ಲಿ ಮೂರಾದ್ರೂ ಕೂಡ್ಬೇಕು, ಎರಡು ಮಾತ್ರ ಕೂಡಿದ್ರೆ "ಇರಬಹುದು" ಅಂತ ಬರೆದಿಟ್ಟು ಮುಂದೆ ಹುಡುಕಿ. ನಂಬರು ಸಿಕ್ಕಿದ್ರೆ ಚಿನ್ನ, ಆದ್ರೆ ನಂಬರ್ ಕೂಡ ಒಂದೊಂದು ದಳ ಅದರದ್ದೇ ಆದ ಲೆಕ್ಕದಲ್ಲಿ ಕೊಡ್ತಿತ್ತು, ಅದೇ ನಂಬರಿನವರು ಬೇರೆ ರೆಜಿಮೆಂಟಲ್ಲೂ ಇರ್ತಾರೆ. ನಂಬರು ಜೊತೆ ದಳ, ಎರಡೂ ಸೇರಿದ್ರೆ ಮಾತ್ರ ಗುರುತು.

ಇಷ್ಟು ಕಷ್ಟಪಟ್ಟು ಹುಡುಕಿದ ಮೇಲೆ ಯಾರೋ ಒಬ್ರು ಸಿಕ್ಕಿದ್ರೆ "ಇವರೇ ಇವರೇ" ಅನ್ಸತ್ತೆ, ಗೊತ್ತು. ಒಂದು ವಾರ ಸುಮ್ಮನಿದ್ದು ಮತ್ತೆ ನೋಡಿ. ವಾಟ್ಸಾಪ್ ಗ್ರೂಪಿಗೆ ಆಮೇಲೆ ಹಾಕಿದ್ರಾಯ್ತು.

ಹಂತ 7: ಸ್ಮಾರಕದ ಹೆಸರು ಏನು ಹೇಳತ್ತೆ

"ಸಮಾಧಿ ಎಲ್ಲಿದೆ" ಅಂತ ಎಲ್ರೂ ಕೇಳ್ತಾರೆ. ಹಿಂದೂ, ಸಿಖ್ ಸೈನಿಕರನ್ನ ಆದಷ್ಟು ದಹನ ಮಾಡ್ತಿದ್ರು, ಹಾಗಾಗಿ ಸಮಾಧಿ ಇರಲ್ಲ, ಹೆಸರು ಸ್ಮಾರಕದ ಮೇಲಿರತ್ತೆ. ಮುಸ್ಲಿಮರು, ಕ್ರೈಸ್ತರಾದ್ರೆ ಸಮಾಧಿ ಇರೋ ಸಾಧ್ಯತೆ ಹೆಚ್ಚು. ದೇಹ ಊರಿಗೆ ಕಳಿಸೋ ಪದ್ಧತಿ ಯಾರಿಗೂ ಇರಲಿಲ್ಲ, ಬ್ರಿಟಿಷರಿಗೂ. "ನಮ್ಮವರದ್ದು ಅಂತ ಕಳಿಸ್ಲಿಲ್ಲ" ಅನ್ನೋ ಬೇಜಾರು ಮನೇಲಿದ್ರೆ ಇದನ್ನ ಹೇಳಿ.

ರಂಗೂನ್ ಮೆಮೋರಿಯಲ್ ಅಂತ ಬಂದ್ರೆ ರಂಗೂನಲ್ಲೇ ಸತ್ರು ಅಂತಲ್ಲ. ಯಾಂಗಾನ್ ಊರಾಚೆ ತೌಕ್ಯಾನ್ ಅನ್ನೋ ಕಡೆ ಇರೋ ಆ ಸ್ಮಾರಕದಲ್ಲಿ ಬರ್ಮಾ ರಂಗದಲ್ಲಿ ಸತ್ತು ಸಮಾಧಿ ಗೊತ್ತಿಲ್ಲದ ಸುಮಾರು 27,000 ಹೆಸರಿವೆ. ಅದೇ ತರ ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ 24,000ಕ್ಕೂ ಹೆಚ್ಚು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿಯರ ವಶವಾದಾಗ ಸೆರೆ ಸಿಕ್ಕಿ ಆಮೇಲೆ ಸತ್ತವರೂ ಅದರಲ್ಲಿದಾರೆ. ಕೊಹಿಮಾ ಕ್ರಿಮೇಶನ್ ಮೆಮೋರಿಯಲ್ ಅಂತ ಬಂದ್ರೆ ಅದು ನಾಗಾಲ್ಯಾಂಡ್, ಪಾಸ್‌ಪೋರ್ಟ್ ಬೇಡ, ಹೋಗಿ ಬರಬಹುದು, ದಹನ ಮಾಡಿದ 917 ಹಿಂದೂ, ಸಿಖ್ ಸೈನಿಕರ ಹೆಸರು ಅಲ್ಲಿನ ಯುದ್ಧ ಸ್ಮಶಾನದ ಎತ್ತರದ ಜಾಗದಲ್ಲಿದೆ. ಅಲಮೀನ್ ಅಂದ್ರೆ ಈಜಿಪ್ಟ್, ಕ್ಯಾಸಿನೋ ಮತ್ತು ಸಾಂಗ್ರೋ ಅಂದ್ರೆ ಇಟಲಿ.

ದೆಹಲಿ/ಕರಾಚಿ 1939–1945 ಅಂತ ಬಂದ್ರೆ ತಲೆ ಕೆಡಿಸ್ಕೋಬೇಡಿ, ಪಾಕಿಸ್ತಾನದಲ್ಲೇ ಸತ್ರು ಅಂತಲ್ಲ. ಯುದ್ಧ ನಡೀದೇ ಇದ್ದ ಕಡೆ, ಅಂದ್ರೆ ದೇಶದೊಳಗಿನ ಕ್ಯಾಂಪಲ್ಲೋ ಆಸ್ಪತ್ರೇಲೋ ತೀರಿಕೊಂಡ 25,000ಕ್ಕೂ ಹೆಚ್ಚು ಜನರನ್ನ ಒಟ್ಟಿಗೆ ಸೇರಿಸಿರೋ ಪಟ್ಟಿ ಅದು. ಮಲೇರಿಯಾ ಬಂದು ಸತ್ತಿದ್ರೆ, ಟ್ರೇನಿಂಗಲ್ಲಿ ಅಪಘಾತ ಆಗಿದ್ರೆ ಇಲ್ಲಿ ಸಿಗ್ತಾರೆ. ಮನೇಲಿ "ಗುಂಡಿಗೆ ಎದೆ ಕೊಟ್ರು" ಅಂತ ಕತೆ ಇದ್ದು ಹೆಸರು ಇಲ್ಲಿ ಸಿಕ್ಕಿದ್ರೆ ಹಿರಿಯರಿಗೆ ಮೆತ್ತಗೆ ಹೇಳಿ.

ಮೊದಲನೇ ಯುದ್ಧ, ಮೆಸಪೊಟೇಮಿಯಾ ಅಂದ್ರೆ ಈಗಿನ ಇರಾಕ್ ಆಗಿದ್ರೆ ಬಾಸ್ರಾ ಮೆಮೋರಿಯಲ್ ಬರತ್ತೆ. ಅಲ್ಲಿ ನಮ್ಮ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲೇ ಇಲ್ಲ, ದಳದ ಹೆಸರು ಹಾಕಿ ಇಷ್ಟು ಜನ ಅಂತ ಸಂಖ್ಯೆ ಬರೆದ್ರು. 2021ರಲ್ಲಿ ಕಮಿಷನ್ನೇ ಇಂಥ ತಾರತಮ್ಯದ ಬಗ್ಗೆ ವರದಿ ತಂದು ಕ್ಷಮೆ ಕೇಳ್ತು. ಆನ್‌ಲೈನ್ ಪಟ್ಟೀಲಿ ಹೆಸರು ಇದ್ದು ಕಲ್ಲಿನ ಫೋಟೋದಲ್ಲಿ ಇಲ್ಲ ಅಂದ್ರೆ ಕಾರಣ ಇದು.

ಹಂತ 8: ದಳದ ದಿನಚರಿ ಓದಿ

ಪ್ರತಿ ರೆಜಿಮೆಂಟೂ ಯುದ್ಧದಲ್ಲಿ ದಿನಾ ಏನಾಯ್ತು ಅಂತ ಬರೀತಿತ್ತು, ಅದಕ್ಕೆ ವಾರ್ ಡೈರಿ ಅಂತಾರೆ. ಅವು ಲಂಡನ್ನಿನ ಕ್ಯೂ ಅನ್ನೋ ಕಡೆ ಇರೋ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಹುಡುಕೋ ನಂಬರು ನೆನಪಿಟ್ಕೊಳ್ಳಿ: ಮೊದಲನೇ ಯುದ್ಧಕ್ಕೆ ಡಬ್ಲ್ಯುಓ 95, ಎರಡನೇದರಲ್ಲಿ ಈಜಿಪ್ಟ್ ಕಡೆಗೆ ಡಬ್ಲ್ಯುಓ 169, ಇಟಲಿಗೆ 170, ಬರ್ಮಾ ಕಡೆಗೆ 172. ಅಲ್ಲೇ ಇರೋ ನಮ್ಮ ಕನ್ನಡದವರು ಯಾರಾದ್ರೂ ಪರಿಚಯ ಇದ್ರೆ ಒಂದು ಶನಿವಾರ ಹೋಗಿ ಫೋಟೋ ತೆಗೆದು ಕಳಿಸೋಕೆ ಕೇಳಿ, ಹೋಗೋಕೆ ಮುಂಚೆ ಫೈಲ್ ನಂಬರ್ ನೀವೇ ಕ್ಯಾಟಲಾಗಲ್ಲಿ ಹುಡುಕಿ ಕೊಡಿ.

ನಮ್ಮಜ್ಜನ ಹೆಸರು ಅದರಲ್ಲಿ ಇರಲ್ಲ, ಇದನ್ನ ಮೊದ್ಲೇ ಮನಸ್ಸಿಗೆ ತಂದ್ಕೊಳ್ಳಿ. ಬ್ರಿಟಿಷ್ ಆಫೀಸರ್‌ಗೆ ಜ್ವರ ಬಂದ್ರೂ ಹೆಸರು ಬರೀತಾರೆ, ನಮ್ಮವರು ಸತ್ರೆ "ಐಓಆರ್ 2" ಅಂತ. ಐಓಆರ್ ಅಂದ್ರೆ ಇಂಡಿಯನ್ ಅದರ್ ರ‍್ಯಾಂಕ್ಸ್, ಸಾಮಾನ್ಯ ಸೈನಿಕರು. ವಿಸಿಓ ಅಂದ್ರೆ ಜಮಾದಾರ್, ಸುಬೇದಾರ್ ಮಟ್ಟದ ಭಾರತೀಯ ಅಧಿಕಾರಿಗಳು. ಓಪಿ ಅಂದ್ರೆ ಮುಂದೆ ಗುಡ್ಡದ ಮೇಲೆ ಕೂತು ಗುಂಡು ಎಲ್ಲಿ ಬೀಳ್ತಿದೆ ಅಂತ ನೋಡಿ ಹೇಳೋ ಜಾಗ. ಬ್ಯಾಟರಿ ಅಂದ್ರೆ ತೋಪುಗಳ ಒಂದು ಗುಂಪು, ಫೀಲ್ಡ್ ರೆಜಿಮೆಂಟಲ್ಲಿ ಬ್ಯಾಟರಿಗೆ 8ರಂತೆ 3 ಬ್ಯಾಟರಿ, ಒಟ್ಟು 24 ತೋಪು.

ಹೀಗಾಗಿ ಕೆಲಸ ಮಾಡೋದು ದಿನಾಂಕದಿಂದ. ಸಿಡಬ್ಲ್ಯುಜಿಸಿಯಲ್ಲಿ ಸಿಕ್ಕಿದ ತಾರೀಕು ಹಿಡ್ಕೊಂಡು ಡೈರಿಯ ಅದೇ ದಿನಕ್ಕೆ ಹೋಗಿ, ಹಿಂದೆಮುಂದೆ ಒಂದು ವಾರ ಓದಿ. ಆ ದಿನ ಒಬ್ಬರೇ ಐಓಆರ್ ಸತ್ತಿದಾರೆ ಅಂತಿದ್ದು ಸಿಡಬ್ಲ್ಯುಜಿಸಿಯಲ್ಲೂ ಆ ದಳದಿಂದ ಆ ದಿನ ಒಂದೇ ಹೆಸರಿದ್ರೆ, ಆ ಸಾಲು ನಿಮ್ಮಜ್ಜನದ್ದು. 1944ರ ಏಪ್ರಿಲಲ್ಲಿ ಜಪಾನಿಯರು ಕೊಹಿಮಾಗೆ ಮುತ್ತಿಗೆ ಹಾಕಿದ್ದಾಗ ಎರಡು ಮೈಲಿ ಆಚೆ ಜೋತ್ಸೋಮಾದಲ್ಲಿ ನಮ್ಮ ಬೆಟ್ಟದ ತೋಪುಗಳು ನಿಂತಿದ್ವು, ಒಳಗೆ ಸಿಕ್ಕಿಬಿದ್ದ ನಮ್ಮವರ ಕಂದಕದಿಂದ ಕೆಲವೇ ಗಜ ಆಚೆ ಗುಂಡು ಬೀಳೋ ಹಾಗೆ ಹಾರಿಸಿದ್ರು, ಒಂದು ಕೂದಲು ಆಚೀಚೆ ಆದ್ರೂ ನಮ್ಮವರ ತಲೆ ಮೇಲೇ. ಇಂಥದ್ದು ಗೊತ್ತಾದ್ರೆ "ತೋಪು ಹಾರಿಸ್ತಿದ್ರು" ಅನ್ನೋ ಮಾತಿಗೆ ಅರ್ಥ ಬರತ್ತೆ.

ಇಲ್ಲೊಂದು ತಪ್ಪು ಮಾಡ್ಬೇಡಿ. ಹವಾಲ್ದಾರ್ ಉಮ್ರಾವ್ ಸಿಂಗ್ ಅವರು 1944ರ ಡಿಸೆಂಬರ್‌ನಲ್ಲಿ ಬರ್ಮಾದ ಕಲಾದಾನ್ ಕಣಿವೆಯಲ್ಲಿ ತೋಪು ಬಿಟ್ಟುಕೊಡದೆ ಕೊನೆಗೆ ಕೈಕೈ ಮಿಲಾಯಿಸಿ ಹೋರಾಡಿ ವಿಕ್ಟೋರಿಯಾ ಕ್ರಾಸ್ (ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ) ಪಡೆದ್ರು, ಬದುಕಿ ಬಂದ್ರು. ಆ ಕತೆ ಓದಿ ಅದನ್ನ ತಮ್ಮಜ್ಜನಿಗೂ ಹೊಂದಿಸಿ ಬರೆದ ಫಲಕಗಳನ್ನ ನೋಡಿದೀನಿ. ಅದೇ ಕಣಿವೆ, ಅದೇ ತಿಂಗಳು ಆಗಿದ್ರೂ ಅದು ಅವರ ಕತೆ.

ಹಂತ 9: ಸೈನ್ಯದ ರೆಕಾರ್ಡ್ ಆಫೀಸಿಗೆ ಬರೀರಿ

ಆರ್ಟಿಲರಿಯ ರೆಕಾರ್ಡ್ಸ್ ಆಫೀಸ್ ಇರೋದು ನಾಸಿಕ್ ರೋಡ್ ಕ್ಯಾಂಪಲ್ಲಿ. ಸೈನಿಕನ ವೈಯಕ್ತಿಕ ಕಡತಕ್ಕೆ ಶೀಟ್ ರೋಲ್ ಅಂತಾರೆ, ಅದನ್ನ ನಿಗದಿತ ಅವಧಿ ಆದ್ಮೇಲೆ ನಾಶ ಮಾಡ್ತಾರೆ. ಹಾಗಾಗಿ ಶೀಟ್ ರೋಲ್ ಒಂದನ್ನೇ ಕೇಳಿದ್ರೆ "ಲಭ್ಯವಿಲ್ಲ" ಅಂತ ಎರಡು ಸಾಲಿನ ಉತ್ತರ ಬರತ್ತೆ. ಲಾಂಗ್ ರೋಲ್ ಅನ್ನೋದನ್ನೂ ಕೇಳಿ, ಅದು ಕಾಯಂ ಇಡೋ ರಿಜಿಸ್ಟರ್, ಚುಟುಕಾಗಿ ಮುಖ್ಯ ವಿಷಯ ಇರತ್ತೆ. ನಂಬರು ಮತ್ತು ದಳ ಇಲ್ಲದೆ ಬರೆಯೋದೇ ದಂಡ. ಕಾಗದಕ್ಕೆ ಉತ್ತರ ಬರದಿದ್ರೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ, ಪ್ರಶ್ನೆ ಒಂದೆರಡೇ ಇರಲಿ. 1947ರಲ್ಲಿ ಕೆಲವು ತೋಪಿನ ರೆಜಿಮೆಂಟುಗಳು ಪಾಕಿಸ್ತಾನಕ್ಕೆ ಹೋದ್ವು, ಅಜ್ಜನ ದಳ ಅದರಲ್ಲೊಂದಾಗಿದ್ರೆ ನಾಸಿಕ್‌ನಿಂದ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ.

ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೂ ಒಂದು ಸಲ ಹೋಗಿ ಬನ್ನಿ.

ಹಂತ 10: ಹೆಸರು ತಪ್ಪಿದ್ರೆ, ಇಲ್ಲವೇ ಇಲ್ಲದಿದ್ರೆ

ಸಿಡಬ್ಲ್ಯುಜಿಸಿಗೆ ಈಮೇಲ್ ಮಾಡಿ ತಿದ್ದುಪಡಿ ಕೇಳಬಹುದು, ಪುರಾವೆ ಜೊತೆಗಿರಬೇಕು. ಪೂರ್ತಿ ಬಿಟ್ಟೇ ಹೋಗಿರೋ ಹೆಸರನ್ನ ಸೇರಿಸೋಕೂ ಅರ್ಜಿ ಹಾಕಬಹುದು, ಆದ್ರೆ ಸಾವು ಅವರ ಅವಧಿಯೊಳಗೆ ಬರಬೇಕು: ಮೊದಲನೇ ಯುದ್ಧಕ್ಕೆ 1914 ಆಗಸ್ಟ್ 4ರಿಂದ 1921 ಆಗಸ್ಟ್ 31, ಎರಡನೇದಕ್ಕೆ 1939 ಸೆಪ್ಟೆಂಬರ್ 3ರಿಂದ 1947 ಡಿಸೆಂಬರ್ 31. ಯುದ್ಧ ಮುಗಿದ ಮೇಲೆ 1946ರಲ್ಲಿ ಸರ್ವಿಸಲ್ಲಿದ್ದಾಗಲೇ ತೀರಿಕೊಂಡಿದ್ರೂ ಲೆಕ್ಕಕ್ಕೆ ಬರತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. "ನಮ್ಮ ಮನೆಯವರು ಹೇಳ್ತಾರೆ" ಅನ್ನೋದನ್ನ ಪುರಾವೆ ಅಂತ ತಗೊಳ್ಳಲ್ಲ. ಪಿಂಚಣಿ ಪುಸ್ತಕ, ಮೆಡಲ್ ಅಂಚಿನ ಫೋಟೋ, ಲಾಂಗ್ ರೋಲ್ ಪ್ರತಿ ಇವು ನಡೆಯತ್ತೆ.

ಹಂತ 11: ತಿಥಿ

ದಿನ ಗೊತ್ತಿಲ್ಲ ಅಂತ ಎಷ್ಟೋ ಮನೇಲಿ ಇವರಿಗೆ ಮಹಾಲಯ ಅಮಾವಾಸ್ಯೆ ದಿನಾನೇ ಎಡೆ ಇಡ್ತಾರೆ. ತಾರೀಕು ಸಿಕ್ಕಿದ ತಕ್ಷಣ ಮನೆಯವರು ಕೇಳೋ ಮೊದಲನೇ ಪ್ರಶ್ನೆ ಇದೇ, ಅವತ್ತು ಯಾವ ತಿಥಿ. ಆ ವರ್ಷದ ಪಂಚಾಂಗ ನೋಡಿ ಪುರೋಹಿತರು ಹೇಳ್ತಾರೆ, ಆನ್‌ಲೈನಲ್ಲೂ ಸಿಗತ್ತೆ, ಬರ್ಮಾ ಆದ್ರೆ ಅಲ್ಲಿನ ಸಮಯಕ್ಕೆ ನೋಡಿಸಿ. ಆದ್ರೆ ಸಿಡಬ್ಲ್ಯುಜಿಸಿ ದಾಖಲೆಯಲ್ಲಿ "ಈ ದಿನದಿಂದ ಆ ದಿನದೊಳಗೆ" ಅಂತ ಎರಡು ತಾರೀಕು ಇದ್ರೆ, ಅಥವಾ ಕಾಣೆಯಾದ ಮೇಲೆ ಸತ್ತಿದಾರೆ ಅಂತ ಸರ್ಕಾರ ತೀರ್ಮಾನಿಸಿದ ದಿನ ಆಗಿದ್ರೆ, ಅದು ನಿಜವಾದ ದಿನ ಅಲ್ಲ. ಅಂಥ ಕಡೆ ಅಮಾವಾಸ್ಯೆನೇ ಇಟ್ಕೊಳ್ಳಿ, ಅಜ್ಜಿ ಮಾಡ್ಕೊಂಡು ಬಂದಿದ್ದೇ ಸರಿ.

ಹಂತ 12: ಊರಲ್ಲೊಂದು ಕಲ್ಲು

ವೀರಗಲ್ಲು ಇಲ್ಲದ ಊರು ನಮ್ಮಲ್ಲಿ ಕಮ್ಮಿ. ಬೆಂಗಳೂರು ಅನ್ನೋ ಹೆಸರು ನಮಗೆ ಗೊತ್ತಾಗಿದ್ದೇ ಬೇಗೂರಿನ ವೀರಗಲ್ಲಿಂದ, ಸುಮಾರು ಕ್ರಿ.ಶ. 890ರದ್ದು, ಬೆಂಗಳೂರು ಕಾಳಗದಲ್ಲಿ ಸತ್ತವನಿಗೆ ನಿಲ್ಲಿಸಿದ್ದು. ಮೊದಲನೇ ಯುದ್ಧ ಆದ್ಮೇಲೆ ಬ್ರಿಟಿಷರೂ "ಈ ಹಳ್ಳಿಯಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅದರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು" ಅಂತ ಕಲ್ಲು ನೆಟ್ರು, ಬೆಂಗಳೂರಿನೊಳಗೆ ಸೇರಿಹೋದ ಕೆಲವು ಹಳ್ಳಿಗಳಲ್ಲೂ ಇವೆ, ಹೆಸರು ಒಂದೂ ಇರಲ್ಲ. ನಿಮ್ಮೂರಲ್ಲಿ ಅಂಥದ್ದು ಚಾವಡಿ ಗೋಡೇಲೋ, ಹಳೇ ಶಾಲೆ ಹಿಂದೆನೋ ಸುಣ್ಣ ಬಳ್ಕೊಂಡು ನಿಂತಿದೆಯಾ ಅಂತ ಮೊದ್ಲು ನೋಡಿ. ಇದ್ರೆ ಹೊಸದು ಅದರ ಪಕ್ಕಕ್ಕೇ ಬರಲಿ.

ಜಾಗ ಸರ್ಕಾರಿ ಶಾಲೆ ಅಂಗಳ ಆದ್ರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ, ಪಂಚಾಯ್ತಿ ಅಥವಾ ಪುರಸಭೆ ಜಾಗ ಆದ್ರೆ ಸಭೆಯ ಠರಾವು ಲಿಖಿತವಾಗಿ ತಗೊಳ್ಳಿ. ರಸ್ತೆ ಅಂಚು ಬೇಡ್ವೇ ಬೇಡ, ಅಗಲೀಕರಣಕ್ಕೆ ಮೊದಲು ಹೋಗೋದೇ ಅದು. ಬಸ್‌ಸ್ಟ್ಯಾಂಡ್ ಸರ್ಕಲ್ ಆಸೆಗೂ ಬೀಳ್ಬೇಡಿ, ಯಾರ ಪ್ರತಿಮೆ ಬರಬೇಕು ಅನ್ನೋ ಜಗಳದೊಳಗೆ ನಿಮ್ಮಜ್ಜ ಸಿಕ್ಕಾಕ್ಕೊಳ್ತಾರೆ.

ಕಲ್ಲು ಸಾದಹಳ್ಳಿ ಬೂದು ಗ್ರಾನೈಟ್ ಆದ್ರೂ ಆಗತ್ತೆ, ಇಳಕಲ್ ಕೆಂಪು ಆದ್ರೂ ಆಗತ್ತೆ, ಹತ್ತಿರ ಸಿಗೋದು ತಗೊಳ್ಳಿ. ಪಾಲಿಶ್ ಮಾಡಿದ ಕಪ್ಪು ಕಲ್ಲಿಗೆ ಬಣ್ಣದ ಅಕ್ಷರ ತುಂಬಿಸಿದ್ರೆ ನಾಲ್ಕೈದು ಮಳೆಗಾಲಕ್ಕೆ ಬಣ್ಣ ಉದುರತ್ತೆ, ಆಳವಾಗಿ ಕೆತ್ತಿಸಿ. ಬರೀಬೇಕಾದ್ದು ಇಷ್ಟೇ: ಹೆಸರು ಮನೇಲಿ ಕರೀತಿದ್ದ ಹಾಗೆ ಕನ್ನಡದಲ್ಲಿ, ಅದರ ಕೆಳಗೆ ದಾಖಲೆಯಲ್ಲಿರೋ ಹಾಗೇ ಇಂಗ್ಲಿಷಲ್ಲಿ, ನಂಬರು, ಗನ್ನರೋ ನಾಯಕ್ಕೋ ಹುದ್ದೆ, ದಳ, ತೀರಿಕೊಂಡ ದಿನ, ಹೆಸರಿರೋ ಸ್ಮಾರಕ. ಎರಡೂ ಸ್ಪೆಲ್ಲಿಂಗ್ ಇದ್ರೆ ನಾಳೆ ಹುಡುಕೋ ಮೊಮ್ಮಗಳಿಗೆ ನಿಮ್ಮ ಹಾಗೆ ಪರದಾಟ ಇರಲ್ಲ. ಉದ್ಘಾಟಕರ ಹೆಸರು ಹಾಕ್ಲೇಬೇಕು ಅಂತ ಯಾರಾದ್ರೂ ಹಠ ಹಿಡಿದ್ರೆ ಅದಕ್ಕೊಂದು ಬೇರೆ ಸಣ್ಣ ಫಲಕ ಮಾಡಿಸಿ ಗೋಡೆಗೆ ಹೊಡೆಸಿ, ಈ ಕಲ್ಲಿಗೆ ಬೇಡ.

ಕೆತ್ತೋಕೆ ಮುಂಚೆ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಬರೆಸಿ, ಮನೇಲಿ ಅವರ ಹೆಸರು ಸರಿಯಾಗಿ ಹೇಳಬಲ್ಲ ಹಿರಿಯರನ್ನ ಕರ್ಕೊಂಡು ಬಂದು ಓದಿಸಿ. ಒತ್ತಕ್ಷರ ತಪ್ಪೋದು ಇಲ್ಲೇ. ಮತ್ತೆ ಕಲ್ಲಿನ ಕೆಳಗಿನ ಅರ್ಧ ಖಾಲಿ ಬಿಡಿಸಿ, ಹಣ ಉಳಿಯತ್ತೆ ಅಂತ ಚಿಕ್ಕ ಕಲ್ಲು ತಗೋಬೇಡಿ. ಕಲ್ಲು ನಿಂತ ವಾರದೊಳಗೆ ಹಿಂದಿನ ಬೀದಿಯಿಂದ ಯಾರಾದ್ರೂ ಬಂದೇ ಬರ್ತಾರೆ, ನಮ್ಮ ಮನೇದೂ ಒಬ್ರಿದ್ರು ಅಂತ.